ಕೊನೆಯ ಪೇಪರು ಮತ್ತು ಸೀರಿಯಸ್ ಅತ್ತೆ

ರಜೆ ಅರ್ಜಿಯಲ್ಲಿ ಒಂದೇ ಒಂದು ಸುಳ್ಳು ಬರೆದದ್ದು ಹೆಡ್ ಕಾನ್‌ಸ್ಟೇಬಲ್ ರೇವಣ್ಣನಿಗೆ ಮುಳುವಾಯಿತು.

ನಿಜ ಬರೆದು ಅವನು ಎರಡು ಸಲ ನೋಡಿದ್ದ. ದೂರಶಿಕ್ಷಣದ ಎಂ.ಎ. ಪರೀಕ್ಷೆಗೆ ಒಂದು ದಿನ ರಜೆ ಕೇಳಿದಾಗ ಮೊದಲ ವರ್ಷ ಮಂತ್ರಿಗಳ ಬಂದೋಬಸ್ತ್‌ಗೆ ಹಾಕಿದರು. ಎರಡನೇ ವರ್ಷ ಕಾಫಿ ತೋಟಕ್ಕೆ ನುಗ್ಗಿದ ಆನೆ ನೋಡಲು ಸೇರಿದ ಜನರನ್ನು ಓಡಿಸಲು ಕಳಿಸಿದರು. ಉಳಿದದ್ದು ಒಂದೇ ಪೇಪರು, 'ಪೊಲೀಸ್ ವ್ಯವಸ್ಥೆಯ ಸಮಕಾಲೀನ ಸಮಸ್ಯೆಗಳು'. ಈ ಸಲ ಬರೆಯದಿದ್ದರೆ ಪ್ರವೇಶವೇ ರದ್ದು. ಆ ಪೇಪರಿನ ಪಠ್ಯಪುಸ್ತಕದ ಮೇಲೆ ರೇವಣ್ಣನಿಗೆ ವಿಪರೀತ ಪ್ರೀತಿ. ಇಪ್ಪತ್ತೆರಡು ವರ್ಷ ತಾನು ಹಣೆಬರಹ ಅಂದುಕೊಂಡಿದ್ದನ್ನೆಲ್ಲ ಅದರಲ್ಲಿ 'ಸಮಸ್ಯೆ' ಎಂದು ಅಚ್ಚು ಹಾಕಿದ್ದರು.

ಹಾಗಾಗಿ ಈ ವರ್ಷ, 'ಅತ್ತೆಯವರು ಸೀರಿಯಸ್, ಮಡಿಕೇರಿ ಆಸ್ಪತ್ರೆಗೆ ಸೇರಿಸಬೇಕು' ಎಂದು ಬರೆದ. ಎಸ್.ಐ. ಕೀರ್ತಿಕುಮಾರ್ ಸಾಹೇಬರು ಓದಿದ ಕೂಡಲೇ ಸಹಿ ಹಾಕಿದರು.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಜೀಪು ಮನೆ ಮುಂದೆ ನಿಂತಿತು.

"ಸಾಹೇಬ್ರು ಕಳಿಸವ್ರೆ ಅಣ್ಣ," ಎಂದ ಡ್ರೈವರ್ ಮನು. "ಅವ್ರು ಮಡಿಕೇರಿ ಮೀಟಿಂಗ್‌ಗೆ ಸ್ವಂತ ಕಾರಲ್ಲೇ ಹೋದ್ರು. ರೇವಣ್ಣನ ಅತ್ತೇನ ಜೀಪಲ್ಲಿ ಕರ್ಕೊಂಡ್ ಹೋಗು, ಅಡ್ಮಿಟ್ ಮಾಡಿದ್ ಮೇಲೆ ಒಂದ್ ಫೋಟೋ ಕಳ್ಸು ಅಂದ್ರು."

ಅತ್ತೆ ಗುರುಸಿದ್ದಮ್ಮ ಆಗ ಹಿತ್ತಲಲ್ಲಿ ಮಚ್ಚು ಹಿಡಿದು ಹಲಸಿನ ಹಣ್ಣು ಸೀಳುತ್ತಿದ್ದರು.

"ಅತ್ತೆ, ಒಂದೀಟು ಮಲಗ್ಕೊಳ್ಳಿ."

"ಯಾಕೆ? ನಂಗೇನ್ ಬಂದದೆ?"

"ಕಾಯಿಲೆ."

"ಯಾವಾಗಿಂದ?"

"ನಿನ್ನೆಯಿಂದ. ಅರ್ಜೀಲಿ ಬರ್ದಾಗದೆ."

ಹೆಂಡತಿ ವಿನುತಾ ಅಮ್ಮನ ಕೈ ಕಾಲು ಹಿಡಿದು ಒಪ್ಪಿಸಿದಳು. ಹಲಸಿನ ಅಂಟು ಕೈಯ ಮುದುಕಿಯನ್ನು ಕಂಬಳಿಯಲ್ಲಿ ಸುತ್ತಿ ಜೀಪಿಗೆ ಹತ್ತಿಸುವಷ್ಟರಲ್ಲಿ ಪಕ್ಕದ ಮನೆಯ ನಿಂಗಮ್ಮ ಬೀದಿಗೆ ಬಂದು ನಿಂತಿದ್ದಳು.

"ಅಯ್ಯೋ, ಗುರುಸಿದ್ದಮ್ಮನ್ನ ಪೊಲೀಸ್ನೋರು ಎತ್ತಾಕ್ಕೊಂಡ್ ಹೋಯ್ತಾವ್ರೆ! ಅಳಿಯನೇ ಮುಂದೆ ನಿಂತು ಹಿಡ್ಕೊಟ್ಬುಟ್ಟ!"

"ಅರೆಸ್ಟ್ ಅಲ್ಲ ನಿಂಗಮ್ಮಾರೆ, ಆಸ್ಪತ್ರೆಗೆ," ಎಂದ ರೇವಣ್ಣ.

"ಹಂಗಾರೆ ಇನ್ನೇನು ಉಳಿಯಲ್ಲ ಅನ್ನು!" ಎಂದು ನಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ತಾನೂ ಜೀಪು ಹತ್ತಿದಳು. ಮಡಿಕೇರಿಯವರೆಗೂ ಅವಳ ಅಳು ನಿಲ್ಲಲಿಲ್ಲ. ಆಸ್ಪತ್ರೆಗೆ ಹೋದವರು ಮರಳಿ ಬಾರದ ಏಳೆಂಟು ಕತೆಗಳನ್ನು ಒಂದೊಂದು ತಿರುವಿಗೆ ಒಂದರಂತೆ ಹೇಳಿದಳು. ಗುರುಸಿದ್ದಮ್ಮ ಮೊದಲು ಬೈದರು, ಕೊನೆಗೆ ನಿಜವಾಗಿಯೂ ಬೆವರತೊಡಗಿದರು.

ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು. "ಇನ್ನೂರು! ಇಷ್ಟು ದಿನ ಏನ್ ಮಾಡ್ತಿದ್ರಿ? ಅಡ್ಮಿಟ್ ಮಾಡಿ."

ಚೀಟಿ, ಸಹಿ, ರಕ್ತಪರೀಕ್ಷೆ ಎಂದು ಓಡಾಡುವಷ್ಟರಲ್ಲಿ ಗಂಟೆ ಒಂದೂವರೆಯಾಯಿತು. ಮನು ಡ್ರಿಪ್ಪಿನ ಸಮೇತ ಫೋಟೋ ತೆಗೆದ. ರೇವಣ್ಣ ಅತ್ತೆಯ ಮುಖ ನೋಡಲಾರದೆ ವಿನುತಾಳಿಗೆ, "ಎರಡು ಗಂಟೆಗೆ ಪರೀಕ್ಷೆ, ಬರ್ದು ಬಂದ್ಬಿಡ್ತೀನಿ," ಎಂದು ನೋಟ್ಸು ಕಂಕುಳಲ್ಲಿಟ್ಟುಕೊಂಡು ಕಾಲೇಜಿನ ಏರುದಾರಿಯಲ್ಲಿ ಓಡಿದ.

ಕಾಲೇಜಿನ ಮೊದಲ ಮಹಡಿಯಲ್ಲಿ, ಪರೀಕ್ಷಾ ಕೊಠಡಿಯ ಬಾಗಿಲ ಪಕ್ಕ ಚೌಕಳಿ ಅಂಗಿಯ ಒಬ್ಬರು ಗೋಡೆಗೆ ಮುಖ ಮಾಡಿ ಏನನ್ನೋ ಬಾಯಿಪಾಠ ಮಾಡುತ್ತಿದ್ದರು. ಕೈಯಲ್ಲಿ ಹಾಲ್ ಟಿಕೆಟ್. ಹೆಜ್ಜೆ ಸಪ್ಪಳಕ್ಕೆ ತಿರುಗಿದರು. ಕೀರ್ತಿಕುಮಾರ್ ಸಾಹೇಬರು!

ಇಬ್ಬರೂ ಕಳ್ಳನನ್ನು ಕಂಡ ಕಳ್ಳರಂತೆ ನಿಂತರು. ಮೊದಲು ಸಾವರಿಸಿಕೊಂಡವರು ಮೇಲಧಿಕಾರಿ.

"ಅತ್ತೆ ಹೇಗಿದ್ದಾರೆ?"

"ಬಿ.ಪಿ. ಇನ್ನೂರು, ಸಾರ್. ಅಡ್ಮಿಟ್ ಮಾಡಿದೀವಿ."

"ಅಂಥಾ ಹೊತ್ತಲ್ಲಿ ಅವರನ್ನ ಬಿಟ್ಟು ಪರೀಕ್ಷೆ ಬರೆಯೋಕೆ ಬಂದಿದ್ದೀರಾ? ಮನುಷ್ಯತ್ವ ಇಲ್ವೇನ್ರೀ?"

"ಹಂಗಲ್ಲ ಸಾರ್... ನಿಜ ಹೇಳ್ಬೇಕು ಅಂದ್ರೆ, ಅವ್ರಿಗೆ ನಿನ್ನೆ ಏನೂ ಆಗಿರಲಿಲ್ಲ."

"ಓಹೋ. ಸುಳ್ಳು ಅರ್ಜಿ! ಹಾಗಾದ್ರೆ ರಜೆ ರದ್ದು. ಈಗಲೇ ಠಾಣೆಗೆ ಹೋಗಿ. ಇಬ್ಬರೂ ಇಲ್ಲಿದ್ರೆ ಅಲ್ಲಿ ನೋಡೋರ್ಯಾರು?"

"ಇವತ್ತು ನಿಜವಾಗ್ಲೂ ಹುಷಾರಿಲ್ಲ, ಸಾರ್."

"ಹಾಗಾದ್ರೆ ಆಸ್ಪತ್ರೆಗೆ ಹೋಗಿ. ಇಲ್ಲಾಂದ್ರೆ ಮೆಮೊ ಕೊಡ್ತೀನಿ."

ಮೀಟಿಂಗ್ ಎಲ್ಲಿ ಸಾರ್ ಎಂಬ ಮಾತು ರೇವಣ್ಣನ ನಾಲಿಗೆಯ ತುದಿಗೆ ಬಂದಿತ್ತು. ನಿವೃತ್ತಿಗೆ ಇನ್ನೂ ಹದಿನಾಲ್ಕು ವರ್ಷವಿದ್ದುದು ನೆನಪಾಗಿ ಅದನ್ನು ನುಂಗಿಕೊಂಡ.

ಸಾಹೇಬರ ಕಣ್ಣು ಅವನ ಕಂಕುಳಿಗೆ ಹೋಯಿತು. "ಅದೇನು, ನೋಟ್ಸಾ? ಕೊಡಿ ಇಲ್ಲಿ."

ಮೂರು ವರ್ಷ ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಬರೆದ ಪುಸ್ತಕ. ಸಾಹೇಬರು ಸರಸರ ಹಾಳೆ ತಿರುವಿದರು. "ಆಹಾ! ಕೆಳಹಂತದ ಸಿಬ್ಬಂದಿಗೆ ರಜೆ ನಿರಾಕರಣೆ. ಇದು ಬಂದೇ ಬರುತ್ತೆ ಅಂತಾರೆ. ನನಗೆ ಒಂದು ಪಾಯಿಂಟೂ ಗೊತ್ತಿಲ್ಲ. ಇನ್ನೂ ಹತ್ತು ನಿಮಿಷ ಇದೆ, ಬೇಗ ಹೇಳಿ."

ರೇವಣ್ಣ ಹೇಳಿದ. ಮಾನಸಿಕ ಒತ್ತಡ, ಕುಟುಂಬದಿಂದ ದೂರ, ಸುಳ್ಳು ಹೇಳುವ ಅನಿವಾರ್ಯತೆ, ಮೇಲಧಿಕಾರಿಗಳ ಭಯ. ಬೆರಳು ಮಡಿಚಿ ಮಡಿಚಿ ಹೇಳಿದ. ಸಾಹೇಬರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸುತ್ತ ಕೇಳಿದರು. ಉದಾಹರಣೆ ಬೇಕಲ್ಲ ಎಂದರು. ಅದನ್ನೂ ಕೊಟ್ಟ.

ಗಂಟೆ ಹೊಡೆಯಿತು.

"ತುಂಬಾ ಚೆನ್ನಾಗಿ ಹೇಳ್ಕೊಟ್ರಿ ರೇವಣ್ಣ," ಎಂದು ಸಾಹೇಬರು ನೋಟ್ಸನ್ನು ಅವನ ಕೈಗಿತ್ತು ಬೆನ್ನು ತಟ್ಟಿದರು. "ಮುಂದಿನ ವರ್ಷ ನೀವೂ ಪರೀಕ್ಷೆ ಕಟ್ಟಿ. ಖಂಡಿತ ಪಾಸಾಗ್ತೀರಿ."

ಬಾಗಿಲು ಮುಚ್ಚಿತು. ರೇವಣ್ಣ ಆ ಮುಚ್ಚಿದ ಬಾಗಿಲಿಗೇ ಒಂದು ಸೆಲ್ಯೂಟ್ ಹೊಡೆದು ಮೆಟ್ಟಿಲಿಳಿದ.