ದನದ ದಲಾಲಿ ವರ ನೋಡಾಕ ಹೋಗಿದ್ದು

ಉಳಿದವರಿಗೆ ಮೊದಲು ಮನುಷ್ಯಾ ಕಾಣತಾನ, ಆಮ್ಯಾಲೆ ಅವನ ಖೋಡಿ, ಅಂದ್ರ ಐಬು, ಕಾಣತೈತಿ. ನನಗ ಮೊದಲು ಖೋಡಿನ ಕಾಣತೈತಿ. ಅದಕ್ಕ ನಾ ಕಾಲಿಟ್ಟಲ್ಲೆಲ್ಲಾ ಏನರ ಒಂದು ನಡದ ನಡೀತೈತಿ.

ಮೂಡಲಗಿ ದನದ ಸಂತಿಯೊಳಗ ಹರೇದಾಗಿಂದ ಎತ್ತಿನ ದಲಾಲಿ ಮಾಡಿದಾಂವ ನಾನು. ಸಾಲಿ ಕಟ್ಟಿ ಹತ್ತಿದಾಂವಲ್ಲ. ಆದ್ರ ಕಣ್ಣು ಕಟ್ಟಿಕೊಂಡು ಎತ್ತಿನ ಉಸಿರು ಮೂಸಿ, ಅದು ಯಾವ ಹಳ್ಳದ ನೀರು ಕುಡದೈತಿ, ಅದರ ಮಾಲಕ ಎಷ್ಟು ಸುಳ್ಳು ಹೇಳತಾನ, ಎರಡೂ ಹೇಳತಿದ್ದೆ. ಒಮ್ಮೆ ಅವಸರದಾಗ ಎತ್ತಿನ ಬದಲಿ ಮಾಲಕನ ಬಾಯಿ ತೆರಸಿ ಹಲ್ಲು ನೋಡಿ ವಯಸ್ಸು ಹೇಳಿಬಿಟ್ಟೆ. ಅವನ ಆಧಾರ ಕಾರ್ಡಿನಾಗ ತಪ್ಪಿತ್ತು, ನಾ ಹೇಳಿದ್ದು ಖರೆ ಇತ್ತು.

ಟ್ರ್ಯಾಕ್ಟರ್ ಬಂದವು, ಎತ್ತು ಹೋದವು. ಟ್ರ್ಯಾಕ್ಟರಿಗೆ ಹಲ್ಲಿಲ್ಲ, ನನಗ ಕೆಲಸಿಲ್ಲ. ಮನ್ಯಾಗ ಕುಂತೆ. ಹೆಂಡತಿಗೆ ಬ್ಯಾಸರ ಬಂತು.

"ಎತ್ತಿಗೆ ಜೋಡಿ ಹುಡುಕತಿದ್ರಿ, ಈಗ ಮಂದಿಗೆ ಹುಡುಕ್ರಿ" ಅಂದ್ಲು.

"ಅದಕ್ಕ ಡಿಗ್ರಿ ಬೇಕಾಗತೈತೇನೋ."

"ಬಾಯಿ ಬೇಕು. ಅದು ನಿಮಗ ನಾಕು ಮಂದಿದು ಐತಿ. ಆದ್ರ ಯುಗಾದಿಯೊಳಗ ಒಂದರ ಲಗ್ನದ ಅಕ್ಕಿಕಾಳು ಬೀಳಬೇಕು. ಇಲ್ಲಂದ್ರ ಎಮ್ಮಿ, ಸಗಣಿ ಎಲ್ಲಾ ನಿಮ್ಮ ಪಾಲು."

ಸಂತಿಯೊಳಗ ಪಟಗಾ ಸುತ್ತಿ ಮೆರೆದಾಂವ ಸಗಣಿ ಬಳೀಬೇಕಾ? ಮರುದಿನಾನ ಹೊಸ ಧೋತರ ಉಟ್ಟು ಹೊಂಟೆ.

೧. ಏಳಲಾರದ ವರ

ಮೊದಲನೇ ವರ ಹುಕ್ಕೇರಿಯಾಂವ. ಹುಡುಗಿ ಅಪ್ಪನ್ನ ಕರಕೊಂಡು ಹೋದೆ. ವರ ಜಮಖಾನಿ ಮ್ಯಾಲ ಕುಂತಿದ್ದಾ. ಹಿರಿಯರು ಒಳಗ ಬಂದ್ರೂ ಏಳಲಿಲ್ಲ. ಅವಲಕ್ಕಿ ಬಂತು, ಚಹಾ ಬಂತು, ಏಳವಲ್ಲ. ನನ್ನ ಮೂಗು ಕೆರೀತು. ಸಂತಿಯೊಳಗ ಮಾರಾವ ಎತ್ತು ಎಬ್ಬಿಸವಲ್ಲ ಅಂದ್ರ ಅದರ ಕಾಲಾಗ ಏನೋ ಐತಿ.

"ತಮ್ಮಾ, ಎದ್ದು ಬಾಗಲತನಕ ಹೋಗಿ ಬಾ."

ವರನ ಅಪ್ಪ ಗಾಬರಿಯಾದಾ. "ಬಾಗಲದಾಗ ಅಂವಗೇನ ಕೆಲಸ್ರಿ?"

ನನ್ನ ಸಂಶಯ ಖಾತ್ರಿ ಆತು. "ಮೊದಲ ಎಬ್ಬಸ್ರಿ!"

ಎದ್ದಾ. ಎರಡು ಹೆಜ್ಜಿ ಕುಂಟಿದಾ, ಮೂರನೇದಕ್ಕ ಬಿದ್ದಾ. ಹುಡುಗಿ ಅಪ್ಪ ಸಿಕ್ಕವರ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದಾ.

ಆಮ್ಯಾಲೆ ತಿಳೀತು. ಹುಡುಗನ ಹೊಸ ಪ್ಯಾಂಟು ಹಿಂದ ಹರದಿತ್ತಂತ. ಏಳಬ್ಯಾಡ ಅಂತ ಮನಿಯವರು ಹೇಳಿದ್ರಂತ. ಕುಂತು ಕುಂತು ಕಾಲು ಜೋಮು ಹಿಡದಿತ್ತು.

ಖೋಡಿ ಇದ್ದದ್ದಂತೂ ಖರೆ. ಕಾಲಾಗ ಇರಲಿಲ್ಲ, ಪ್ಯಾಂಟಿನಾಗ ಇತ್ತು.

೨. ಹಸಿ ಟಾವೆಲ್ಲು

ಮುದಿ ಎತ್ತಿನ ಕೋಡಿಗೆ ಬಣ್ಣಾ ಹಚ್ಚಿ ಹೋರಿ ಅಂತ ಮಾರತಾರ. ಹಸಿ ಟಾವೆಲ್ಲಿಂದ ಒರಸಿದ್ರ ವಯಸ್ಸು ಹೊರಗ ಬೀಳತೈತಿ. ಎರಡನೇ ವರ ಯಮಕನಮರಡಿಯಾಂವ. ಇನ್ನೊಬ್ಬ ಹುಡುಗಿ ಅಪ್ಪನ್ನ ಕರಕೊಂಡು ಹೋಗಿ ವರನ ತಲಿ ನೋಡಿದೆ, ಕಾಗಿಗಿಂತ ಕರೀದು. ಇಷ್ಟು ಕರೀದು ದೇವರು ಮಾಡೂದಿಲ್ಲ ಅನಿಸ್ತು.

"ಭಾಳ ಬೆವತೀದಿ ತಮ್ಮಾ" ಅಂತ ಅಂತಃಕರಣ ತೋರಿಸಿ, ಟಾವೆಲ್ಲು ತೊಯ್ಸಿ, ಗಟ್ಟಿ ಹಿಡದು ತಿಕ್ಕಿದೆ. ಟಾವೆಲ್ಲು ಕರ್ರಗಾತು.

"ನೋಡ್ರಿ! ಬಣ್ಣಾ!"

ವರನ ಅವ್ವ ಸೌಟು ಹಿಡಕೊಂಡ ಹೊರಗ ಬಂದ್ಲು. "ಟ್ರ್ಯಾಕ್ಟರ್ ರಿಪೇರಿ ಮಾಡಾಂವ ಅದಾನ. ಈಗಷ್ಟ ಗಾಡಿ ಬುಡಕಿಂದ ಎದ್ದು ಬಂದಾನ. ಅದು ಆಯಿಲ್ ಐತ್ರಿ ಆಯಿಲ್! ನನ್ನ ಮಗನ್ನ ಏನ ಹೋರಿ ಅಂತ ತಿಳದೀರಿ?"

ನನ್ನ ಹಳೇ ಧಂದೆ ತಿಂದ ಟ್ರ್ಯಾಕ್ಟರ್ ಹೊಸಾದಕ್ಕೂ ಬಾಯಿ ಹಾಕ್ತು! ನನ್ನ ಪರವಾಗಿ ಒಂದ ಮಾತು ಆಡಲಿ ಅಂತ ಹುಡುಗಿ ಅಪ್ಪನ ಕಡೆ ತಿರುಗಿದೆ. ಅಂವ ತನ್ನ ಕರ್ರನ ಕೂದಲಾ ಕಾಣದಂಗ ಪಟಗಾ ಹುಬ್ಬಿನತನಕ ಎಳಕೊಂಡು, ನನ್ನ ಟಾವೆಲ್ಲು ನೋಡಕೋತ, ಗ್ವಾಡಿಗೆ ಆತುಕೊಂಡು ಕುಂತಿದ್ದಾ.

೩. ಹೂಡಿ ನೋಡಿದ್ದು

ಯುಗಾದಿ ಹತ್ತರ ಬಂತು. ಹೆಂಡತಿ ಸಗಣಿ ಬುಟ್ಟಿ ತಂದು ನನ್ನ ಹಾಸಿಗಿ ಬಾಜೂ ಇಟ್ಲು.

ಉಳದದ್ದು ಒಂದ ಜೋಡಿ. ಗೋಕಾಕದ ವರ, ಕಲ್ಲೋಳಿ ಹುಡುಗಿ. ಈ ಸಲ ವರನ ಕಡೆಯವರನ್ನ ಹುಡುಗಿ ಮನಿಗೆ ಕರಕೊಂಡು ಹೋದೆ. "ನಮ್ಮ ಹುಡುಗ ಹೋಟೆಲ್ ಮಾಲಕ" ಅಂತ ವರನ ಕಾಕಾ ದಾರಿ ತುಂಬ ಹೇಳಿದ್ದಾ. ಹುಡುಗಿ ನರ್ಸ್ ಕೆಲಸದಾಕಿ. ಸಂಶಯದಾಗ ನನಗಿಂತ ಒಂದು ಕೈ ಮ್ಯಾಲ. ಎಲ್ಲಾರ ಮುಂದ ನನ್ನನ್ನ ಕೇಳಿದ್ಲು:

"ಅಜ್ಜಾರ, ಎತ್ತು ಕೊಳ್ಳೂಮುಂದ ಕಡೀಗೆ ಏನ ನೋಡತಿದ್ರಿ?"

"ಹೂಡಿ ನೋಡತಿದ್ವಿ, ಯವ್ವಾ. ನೇಗಿಲಾ ಎಳದ ಮ್ಯಾಲನ ಮಾತು."

"ಹಂಗಾರ ಹೂಡೂಣು." ಚಹಾ ಕುಡದ ಕಪ್ಪು ಎಲ್ಲಾ ತಾಟಿನಾಗ ಇಟ್ಟು ವರನ ಕೈಗೆ ಕೊಟ್ಲು, ಹಿತ್ತಲ ನಳಾ ತೋರಿಸಿದ್ಲು.

ಕಾಕಾನ ಮೋತಿ ಕೆಂಪಾತು. ವರ ಮಾತ್ರ ಸುಮ್ನ ಎದ್ದಾ, ತೋಳು ಏರಿಸಿದಾ. ಏನ ತೊಳದಾ ಅಂತೀರಿ! ಒಂದ ಕೈಯಾಗ ಎಲ್ಲಾ ಕಪ್ಪು, ಒಂದ ಹನಿ ನೀರು ಹೊರಗ ಸಿಡೀಲಿಲ್ಲ. ಬಿಸಿಲಿಗೆ ಹಿಡದ್ರ ಕಲ್ಲೋಳಿಯಾಗ ನಿಂತು ಕಪ್ಪಿನಾಗ ಗೋಕಾಕ ಫಾಲ್ಸ್ ನೋಡಬಹುದಿತ್ತು.

ಎಲ್ಲಾರೂ ಖುಷಿ ಆದ್ರು. ನನಗ ಸಂಶಯ ಬಂತು. ಹೊಸ ಹೋರಿ ಮೊದಲನೇ ಸಲಕ್ಕ ಹಿಂಗ ಸಾಲು ಹಿಡಿಯೂದಿಲ್ಲ!

"ತಡೀರಿ!" ಅಂತ ಒದರಿದೆ. "ಇದು ಪಳಗಿದ ಎತ್ತು! ಇಂವಗ ಮೊದಲ ಒಂದು ಲಗ್ನ ಆಗೇತಿ!"

ಹುಡುಗಿ ಅವ್ವ ಗೊಳೋ ಅಂತ ಅಳಾಕ ಹತ್ತಿದ್ಲು. ಅಪ್ಪ ಕೋಲು ಹುಡುಕಿದಾ. ಸಗಣಿ ಬುಟ್ಟಿ ನನ್ನ ಕಣ್ಣ ಮುಂದ ಬಂತು.

ವರ ಕೈ ಒರಸಿಕೋತ ಅಂದಾ: "ನನ್ನ ಪಳಗಿಸಿದ್ದು ಲಗ್ನ ಅಲ್ರಿ ಅಜ್ಜಾರ, ಖಾನಾವಳಿ. ನಾ ಕಾಲೇಜಿನ ಮಾರಿ ನೋಡಿದಾಂವಲ್ಲ. ಲಾರಿ ಕ್ಲೀನರ್ ಇದ್ದೆ, ಅದನ್ನ ಬಿಟ್ಟು ಒಂದು ಖಾನಾವಳಿಯಾಗ ಭಾಂಡಿ ತಿಕ್ಕಾಕ ಸೇರಿದೆ. ಈಗ ಅದ ಖಾನಾವಳಿ ನಾನ ನಡಸಾಕತ್ತೇನಿ. ಭಾಂಡಿ ಮಾತು ಎತ್ತಬ್ಯಾಡ ಅಂತ ಕಾಕಾ ಆಣಿ ಹಾಕಿದ್ರು."

ಹುಡುಗಿ ಒಂದು ಕಪ್ಪು ಎತ್ತಿ ತಿರುವಿ ಮುರುವಿ ನೋಡಿದ್ಲು. "ಅಪ್ಪಾ, ಕೋಲು ಇಡು. ಕಾಕಾರು ಮುಚ್ಚಿಟ್ಟಾರಲ್ಲ, ನನಗ ಪಸಂದ ಬಂದದ್ದು ಅದ ಒಂದ."

ಯುಗಾದಿಗಿಂತ ಮೊದಲ ಅಕ್ಕಿಕಾಳು ಬಿದ್ದವು. ಲಗ್ನಕ್ಕ ಬಂದ ನನ್ನ ಹೆಂಡತಿ ಹೆಂಗಸರ ನಡುವ ಕುಂತು ಈ ಕತಿ ಪೂರಾ ಕೇಳಿದ್ಲು. ಮನಿಗೆ ಬಂದ ಮ್ಯಾಲ ನಾ ಮೀಸಿ ತಿರುವಿದೆ.

"ಗೆದ್ದೇನಿ. ಎತ್ತಿಡು ನಿನ್ನ ಸಗಣಿ ಬುಟ್ಟಿ."

ಎತ್ತಿಟ್ಲು. ಆ ಜಾಗಾದಾಗ ಮುಸುರಿ ಭಾಂಡಿ ತಂದಿಟ್ಲು.

"ಇದೇನಿದು?"

"ನಮ್ಮಪ್ಪ ನಿಮ್ಮನ್ನ ಹೂಡಿ ನೋಡದನ ತಂದಾನ್ರಿ. ಏಳ್ರಿ, ಈಗರ ನೋಡೂಣು."

"ನಾ ಹಲ್ಲು ಉದುರಿದ ಎತ್ತು, ಹುಚ್ಚಿ!"

"ಭಾಂಡಿ ಏನ ಹಲ್ಲಿಂದ ತಿಕ್ಕತಾರೇನ್ರಿ?"