ಮಾಮಿಯ ಫೋನಿನಲ್ಲಿ ಮಾಮಾನ ಮೀಸೆ

ನಮ್ಮ ಮಾಮಾಗೆ ಫೋನಿನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಅದರ ತೆರೆಯ ಮೇಲೆ ಏನಾದರೂ ಕಂಡರೆ ಮಾತ್ರ ಸಿಟ್ಟು! ಪುಣೆ ಕ್ಯಾಂಪಿನಲ್ಲಿ ಅವರದು ಇಳಕಲ್ ಸೀರೆ ಅಂಗಡಿ. ಗಾಜಿನ ಹಿಂದೆ ಯಾವಾಗಲೂ ಒಂದೇ ಸೀರೆ. "ಎಲ್ಲಾ ತೋರಿಸಿದ್ರ ಗಿರಾಕಿ ಏನೂ ನೋಡೂದಿಲ್ಲವಾ" ಎನ್ನುವುದು ಅವರ ಸಿದ್ಧಾಂತ. ನನ್ನದೋ, ಕಂಪನಿಯೊಂದರಲ್ಲಿ ಫೋನಿನ ತೆರೆಗಳನ್ನು ವಿನ್ಯಾಸ ಮಾಡುವ ಕೆಲಸ. ಹೀಗಾಗಿ ಲೋಕದ ಸಮಸ್ತ ಐಕಾನುಗಳನ್ನೂ ನಾನೇ ಹೆತ್ತಂತೆ ಅವರಿಂದ ಬೈಸಿಕೊಳ್ಳುತ್ತೇನೆ.

ಈಚೆಗೆ ಮಾಮಿ ತಲೆಸುತ್ತು ಬಂದು ಅಡುಗೆಮನೆಯಲ್ಲಿ ಬಿದ್ದರು. ಮಧ್ಯಾಹ್ನ ಮನೆಯಲ್ಲಿ ಅವರೊಬ್ಬರೇ. "ನಾ ಅಂಗಡ್ಯಾಗ ಇದ್ದಾಗ ಮತ್ತ ಬಿದ್ರ ಏನ್ ಮಾಡ್ಲಿ? ಆಕಿ ನನಗ ಸಟಕ್ಕನ ಫೋನ್ ಹಚ್ಚೂ ಹಂಗ ಮಾಡಿಕೊಡು" ಎಂದು ಮಾಮಾ ಹೊಸ ಫೋನು ತಂದು ನನ್ನ ಕೈಗಿಟ್ಟರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ತೆರೆಯನ್ನು ಗುಡಿಸಿ, ಹೆಸರುಗಳನ್ನೆಲ್ಲ ಕಿತ್ತು, ನಾಲ್ಕೇ ಚಿತ್ರ ಉಳಿಸಿದೆ. ಮಾಮಿ ಮನೆಯ ಚಿತ್ರವಿದ್ದ 'ಹೋಮ್' ಗುಂಡಿ ಒತ್ತಿದರು.

"ಏನೂ ಆಗ್ಲಿಲ್ಲಲ್ಲ?"

"ಅದನ್ನ ಒತ್ತಿದ್ರ ಮನಿಗೆ ಬರ್ತದ ಮಾಮಿ."

"ನಾ ಮನ್ಯಾಗ ಇದ್ದೀನಲ್ಲವಾ!"

ಇದನ್ನು ನಮ್ಮ ಕಂಪನಿಗೆ ತಿಳಿಸಬೇಕೆಂದು ಬರೆದಿಟ್ಟುಕೊಂಡೆ.

ಮಾಮಾ ಆ ನಾಲ್ಕನ್ನೂ ತೆಗೆಸಿ, ತೆರೆಯ ತುಂಬ ತಮ್ಮ ಫೋಟೊ ಹಾಕಿಸಿದರು. ಮುಟ್ಟಿದರೆ ಸಾಕು, ಅವರ ಮೊಬೈಲಿಗೆ ಫೋನು! ಮಾಮಿ ಕೈ ಹಿಂದೆಳೆದುಕೊಂಡರು. "ಗಂಡನ ಮಾರಿಗೆ ಬೊಟ್ಟಿಲೆ ತಿವೀಲೇನು? ಭಾಳ ಛಂದ ಆತು!"

"ಮೀಸಿ ತಗದು ನೋಡವಾ, ಸಿಂಪಲ್ ಆಗ್ತದ" ಎಂದರು ಮಾಮಾ, ಗಂಭೀರವಾಗಿ. ಫೋಟೊದಿಂದ ಮೀಸೆ ತೆಗೆದೆ.

"ಇವರ‍್ಯಾರವಾ?" ಎಂದರು ಮಾಮಿ.

ಕೊನೆಗೆ ತೆರೆ ಪೂರ್ತಿ ಖಾಲಿ. ಬಾಯಲ್ಲಿ ಹೆಸರು ಹೇಳಿದರೆ ಫೋನು ಹೋಗುವ ಏರ್ಪಾಡು. ಖಾಲಿ ತೆರೆ ಕಂಡು ಮಾಮಾಗೆ ಪರಮಾನಂದ. ಆದರೆ ಮಾಮಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರೇ? ಸರಿ, "ನಮ್ಮನಿಯವರು" ಎಂದೇ ಫೋನಿನಲ್ಲಿ ತುಂಬಿದೆ. ಮಾಮಿ ಹಾಗೆ ಕರೆದರು. ಫೋನು ಶಿವಾಜಿನಗರದಲ್ಲಿ ಬಾಡಿಗೆಗಿರುವ ಮನೆಗಳನ್ನು ತೋರಿಸಿತು.

ಅಸಲಿ ಹೆಸರನ್ನೇ ತುಂಬಿ, "ಲಗ್ನದಾಗ ಒಡಪು ಹಾಕಿ ಹೇಳಿದ್ರಿಲ್ಲೋ ಮಾಮಿ? ಹಂಗ ಹೇಳ್ರಿ" ಎಂದೆ. ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಹೇಳುವುದು ನಮ್ಮ ಕಡೆಯ ಪದ್ಧತಿ. ಮಾಮಿ ಕೆಂಪಾದರು. ಮಾಮಾನನ್ನು ಬಾಲ್ಕನಿಗೆ ಅಟ್ಟಿ, ಗಾಜಿನ ಬಾಗಿಲು ಎಳೆಸಿ, ಸೆರಗು ಸರಿಮಾಡಿಕೊಂಡು ಫೋನಿಗೆ ಹೇಳಿದರು:

"ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು, ...ರಾಯರಿಗೆ ಮಾಡು ಒಂದ ಕಾಲು!"

ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಾಮಿಗೇ ಅಷ್ಟು ಕಷ್ಟವಾದದ್ದನ್ನು ನಿಮಗೆ ಪುಕ್ಕಟೆ ಕೊಡಲೇ? ಫೋನಿಗೆ ಹಾಲು ತಿಳಿಯಲಿಲ್ಲ, ಹೆಸರು ತಿಳಿಯಿತು. ಬಾಲ್ಕನಿಯಲ್ಲಿ ರಿಂಗಾಯಿತು.

"ಹಲೋ, ಕೇಳಿಸ್ತೇನ್ರೀ?"

ಗಾಜಿನಾಚೆ ಮಾಮಾ ಫೋನು ಕಿವಿಗಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲು ಬೆರಳಷ್ಟು ತೆರೆದೇ ಇತ್ತು.

"ಇಲ್ಲ, ಏನೂ ಕೇಳಿಸ್ಲಿಲ್ಲ" ಎಂದರು ಮಾಮಾ. "ಕಟ್ ಮಾಡಿ ಇನ್ನೊಮ್ಮೆ ಹಚ್ಚು."