ಕಾಲು ಮಡಚಬ್ಯಾಡ್ರಿ!

ದವಾಖಾನಿ ಅಂದ್ರ ಅಳೋ ಜಾಗ ಅಂತಾರ. ಎಲ್ಲೀದ್ರಿ, ನಮ್ಮ ವಾರ್ಡಿನ್ಯಾಗ ನಗು ತಡ್ಕೊಳ್ಳೋದೇ ದೊಡ್ಡ ನೌಕರಿ ಆಗಿತ್ತು. ನಾನು ಜಹೀರಾಬಾದಿನಾಕಿ. ಹೈದರಾಬಾದಿನ ಒಂದು ಹೃದಯದ ದವಾಖಾನ್ಯಾಗ ಸಿಸ್ಟರ್ ಇದ್ದೆ. ಅಲ್ಲಿ ಎದಿ ಕೊಯ್ಯದೇ, ತೊಡಿಸಂದಿನ ರಕ್ತನಾಳದಾಗ ನಳಿಗಿ ಹಾಕಿ ಹೃದಯದ ಕವಾಟ ಕೂಡಿಸ್ತಿದ್ರು. ಆಮ್ಯಾಲ ಐದಾರು ತಾಸು ಕಾಲು ನೆಟ್ಟಗ ಚಾಚಿ ಮಲಗಬೇಕು. ಮಡಚಿದ್ರ ಚುಚ್ಚಿದ ಜಾಗದಾಗಿಂದ ರಕ್ತ ಸುರೀತದ, ಜೀವಕ್ಕ ಬರ್ತದ. ನಮ್ಮ ಕಡೆಯವರು ಬಂದ್ರ ಅದನ್ನ ತಿಳಿಸಿ ಹೇಳಾಕ "ಕನ್ನಡ ಸಿಸ್ಟರ್‌ನ ಕರೀರಿ" ಅಂತಿದ್ರು. ಹೋದ ವರ್ಷ ನನ್ನ ಕವಾಟಾನೇ ಕೈಕೊಟ್ಟು, ನಾನೂ ಅದೇ ಹಾಸಿಗಿ ಮ್ಯಾಲ ಬಿದ್ದೆ. ಆವಾಗಿಂದ ಆ ದಿನಗಳು ಭಾಳ ನೆನಪಾಗ್ತಾವ.

ಗೋಡಿ ಜೋಡಿ ಮಾತು

ಕಲ್ಹೇರ್ ಕಡೆಯ ಒಬ್ಬ ಅಮ್ಮ ಮಲಗಿದ್ದಳು. ಆಕಿ ಗಂಡನ ಅಣ್ಣ ನೋಡಾಕ ಬಂದ. ಬಾಗಿಲದಾಗ ಆತನ ಧೋತರ ಕಂಡದ್ದೇ ತಡ, ಆಕಿ ಸೆರಗು ಎಳಕೊಂಡು ಕಾಲು ಮಡಚಾಕ ಹೊಂಟಳು. ಓಡಿ ಹೋಗಿ ಮೊಣಕಾಲು ಒತ್ತಿ ಹಿಡದೆ.

"ಬಿಡ್ರಿ ಸಿಸ್ಟರ್! ಭಾವನ ಮುಂದ ಕಾಲು ಚಾಚಿ ಮಲಗಲೇನು? ಮಂದಿ ಏನಂದಾರು?"

"ಮಂದಿ ಇರ್ಲಿ, ನೀ ಮೊದಲ ಉಳಿಯವ್ವಾ."

ಕಡೀಗೆ ಭಾವನಿಗೇ ಹೇಳಿದೆ, ಆ ಕಡೆ ತಿರುಗಿ ನಿಂತು ಮಾತಾಡ್ರಿ ಅಂತ. ಪಾಪ, ದೊಡ್ಡ ಮನಷ್ಯಾ, ಗೋಡಿಗೆ ಮುಖ ಮಾಡಿ, "ಹೆಂಗದೀಯವ್ವಾ? ಊಟ ಆತೇನು?" ಅಂತ ಕೇಳ್ಕೋತ ನಿಂತ. ಆಗಲೇ ಒಳಗ ಬಂದ ಹೊಸ ಡಾಕ್ಟರ್ ನನ್ನ ಕಿವ್ಯಾಗ, "ಇವರನ್ನ ಯಾವಾಗ ಅಡ್ಮಿಟ್ ಮಾಡಿದ್ರಿ?" ಅಂದ.

ಮುಕ್ಕಾಲು ತಾಸಿನ ಪೂಜಾ

ಕೊಹೀರಿನ ಒಬ್ಬ ವ್ಯಾಪಾರಿ, ಲಿಂಗವಂತರು. ಲಿಂಗಪೂಜಾ ಆಗದೇ ನೀರು ಮುಟ್ಟಾಂಗಿಲ್ಲ, ಪೂಜಾಕ್ಕ ಎದ್ದು ಕೂಡಬೇಕು ಅಂತ ಹಟ. ನಾ ಕೈ ಮುಗದು, "ಅಪ್ಪಾರ, ಶಿವ ಮಲಗಿದವರದೂ ಕೇಳ್ತಾನ" ಅಂದೆ. ಹೂಂ ಅಂದು, ಮಲಗಿದಲ್ಲೇ ಎಡಗೈಯಾಗ ಲಿಂಗ ಇಟ್ಕೊಂಡು ನೋಡ್ಕೋತ ಉಳದ್ರು. ಮುಕ್ಕಾಲು ತಾಸಾದ್ರೂ ಮುಗೀವಲ್ತು. ಆ ಭಕ್ತಿ ನೋಡಿ ನನಗ ಕಣ್ಣು ತುಂಬಿ ಬಂತು.

ಅವರ ಹೆಂಡ್ತಿ ಮೆಲ್ಲಗ ಅಂದಳು: "ಮನ್ಯಾಗ ಎರಡು ಮಿನಿಟಿನಾಗ ಮುಗಿಸಿ ಅಂಗಡಿಗೆ ಓಡ್ತಾರ್ರಿ. ಮನಿಗೆ ಹೋಗೋವಾಗ, ಓಡದಾಂಗ ಕಾಲಿಗೆ ಏನರ ಕಟ್ಟಿ ಕಳಸ್ರಿ."

ಸಾಹೇಬ್ರು ಬಂದ್ರು

ಈಗ ನಂದು. ಕಾವಲಿಗಿದ್ದಾಕಿ ತಾಂಡೂರಿನ ಸಿಸ್ಟರ್, ನಾನೇ ಕೆಲಸ ಕಲಿಸಿದಾಕಿ. "ಅಕ್ಕಾ, ಕಾಲು ಮಡಚಬ್ಯಾಡ್ರಿ" ಅಂದಳು. ನನಗ ಸಿಟ್ಟು ಬಂತು. "ಯಾರಿಗೆ ಹೇಳ್ತಿ? ಆ ಮಾತು ನಿನಗ ಕಲಿಸಿದಾಕಿ ನಾನು!" ಅಂದೆ.

ತಾಸಿನಾಗ ನಮ್ಮ ಹಳೇ ದೊಡ್ಡ ಡಾಕ್ಟರ್ ನನ್ನ ನೋಡಾಕ ಬಂದ್ರು. ರಿಟೈರ್ ಆಗ್ಯಾರ, ಆದ್ರ ಬೂಟಿನ ಸಪ್ಪಳ ಅದೇ. ಒಂದು ಕಾಲಕ್ಕ ಆ ಸಪ್ಪಳ ಕೇಳಿದ್ರ ಇಡೀ ವಾರ್ಡೇ ಎದ್ದು ನಿಲ್ತಿತ್ತು. ನನಗ ಏನು ಮಂಕು ಬಡೀತೋ, "ಗುಡ್ ಮಾರ್ನಿಂಗ್ ಸರ್" ಅಂತ ಎದ್ದೇಬಿಟ್ಟೆ! ತೊಡಿ ಬೆಚ್ಚಗಾತು. ನೋಡಿದ್ರ ಚಾದರ ಕೆಂಪಗ. ಸುಳ್ಳು ಯಾಕ ಹೇಳ್ಲಿ, ಸತ್ತೆ ಅಂದ್ಕೊಂಡೆ.

ತಾಂಡೂರಿನಾಕಿ ಹಾರಿ ಬಂದು ಎರಡೂ ಕೈಲೆ ಒತ್ತಿ ಹಿಡದಳು. ಇಪ್ಪತ್ತು ಮಿನಿಟು ಕೈ ತಗೀಲಿಲ್ಲ. ಕಡೀಗೆ ರಕ್ತ ನಿಂತಿತು. ಆವಾಗ ಸಾಹೇಬ್ರು ಬೆವರು ಒರಸ್ಕೋತ ಅಂದ್ರು:

"ಮನ್ಯಾಗ ನಾ ಬಂದ್ರ ಬೆಕ್ಕು ಸುದ್ದಾ ಏಳಂಗಿಲ್ಲವ್ವಾ. ಎದ್ದಾಕಿ ನೀ ಒಬ್ಬಾಕಿ, ಅದೂ ಏಳಬಾರದಾಗ!"

ನನಗ ನಗು ತಡೀಲಿಲ್ಲ. ಹೊಟ್ಟಿ ಕುಲುಕಿದ್ದೇ ತಡ, ಆಕಿ ಮತ್ತ ಒತ್ತಿ ಹಿಡದು ಒದರಿದಳು:

"ನಗಬ್ಯಾಡ್ರಿ ಅಕ್ಕಾ, ಮತ್ತ ರಕ್ತ ಬರ್ತದ! ಸಾಹೇಬ್ರ, ನೀವು ಮೊದಲ ಹೊರಗ ನಡೀರಿ!"

ವಾರ್ಡಿಗೆಲ್ಲಾ ನಡುಕ ಹುಟ್ಟಿಸಿದ ಮನಷ್ಯಾ ಬೂಟು ಕಳದು ಕೈಯಾಗ ಹಿಡಕೊಂಡು, ಸಪ್ಪಳ ಮಾಡದೇ ಹೊರಗ ಹೋದ್ರು.